ಫ್ಲಾರೆನ್ಸ್‌ನಲ್ಲಿ ಗುಮ್ಮಟ ಹತ್ತಲೋ, ಗಂಟೆ ಗೋಪುರ ಹತ್ತಲೋ? ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಗೆ ಹೊರಟ ನೆಂಟರು, ಆಫೀಸಿನ ಗೆಳೆಯರು, ಗೆಳೆಯರ ಗೆಳೆಯರು ಕೇಳಿದ ಪ್ರಶ್ನೆಗಳಿವು. ನಾನು ಆ ಊರಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಗೋಪುರ ಹತ್ತಿದೆ, ಎರಡನೇ ಸಲ ಗುಮ್ಮಟ. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲಿಗೆ

ಡುವೋಮೊ, ಕೂಪೊಲಾ, ಕಂಪನೀಲೆ ಅಂತ ಏನೇನೋ ಹೇಳ್ತಾರೆ. ಯಾವುದು ಯಾವುದು?

ಡುವೋಮೊ ಅಂದರೆ ಊರಿನ ದೊಡ್ಡ ಚರ್ಚು. ಇಟಲಿಯ ಎಷ್ಟೋ ಊರುಗಳಲ್ಲಿ ಒಂದೊಂದು ಡುವೋಮೊ ಇದೆ. ಫ್ಲಾರೆನ್ಸ್‌ನದರ ಪೂರ್ತಿ ಹೆಸರು ಸಾಂತಾ ಮರಿಯಾ ದೆಲ್ ಫಿಯೋರೆ. ಅದರ ಮೇಲಿರುವ ಕೆಂಪು ಹೆಂಚಿನ ಗುಮ್ಮಟವೇ ಕೂಪೊಲಾ. ಕಟ್ಟಿದವನು ಫಿಲಿಪ್ಪೊ ಬ್ರುನೆಲ್ಲೆಸ್ಕಿ. ಚರ್ಚಿನ ಮುಂಭಾಗದ ಪಕ್ಕದಲ್ಲಿ ಬೇರೆಯಾಗಿ ನಿಂತ ಚೌಕಾಕಾರದ ಗಂಟೆ ಗೋಪುರ ಕಂಪನೀಲೆ. ಅದಕ್ಕೆ ಜೊತ್ತೊ ಗೋಪುರ ಅಂತಲೂ ಹೆಸರಿದೆ. ಎದುರಿಗಿರುವ ಎಂಟು ಮೂಲೆಯ ಕಟ್ಟಡ ಬ್ಯಾಪ್ಟಿಸ್ಟರಿ, ಅಂದರೆ ದೀಕ್ಷಾಸ್ನಾನದ ಮಂದಿರ. ಹತ್ತುವುದಕ್ಕೆ ಇರುವುದು ಮಾತ್ರ ಗುಮ್ಮಟ ಮತ್ತು ಗೋಪುರ. ಎರಡೂ ಒಂದೇ ಚೌಕದಲ್ಲಿವೆ, ಒಂದರಿಂದ ಇನ್ನೊಂದಕ್ಕೆ ಎರಡು ನಿಮಿಷದ ನಡಿಗೆ. ಅದಕ್ಕೇ ಇಷ್ಟು ಗೊಂದಲ.

ಒಂದೇ ಒಂದು ಹತ್ತೋಕೆ ಟೈಮ್ ಇದೆ. ಸುಮ್ನೆ ಹೇಳಿ, ಯಾವುದು?

ಗುಮ್ಮಟ ಹತ್ತಿದರೆ ಊರೆಲ್ಲ ಕಾಣುತ್ತದೆ, ಗುಮ್ಮಟ ಒಂದನ್ನು ಬಿಟ್ಟು. ಗೋಪುರ ಹತ್ತಿದರೆ ಆ ಗುಮ್ಮಟವೇ ಕಣ್ಣೆದುರು ನಿಲ್ಲುತ್ತದೆ.

ಹಾಗಾಗಿ ನಿಮ್ಮನ್ನು ನೀವೇ ಒಂದು ಮಾತು ಕೇಳಿಕೊಳ್ಳಿ. ಇದನ್ನು ಹೇಗೆ ಕಟ್ಟಿದರು ಅನ್ನೋ ಕುತೂಹಲ ಇದೆಯಾ? ಹಾಗಾದರೆ ಗುಮ್ಮಟ. ಅಲ್ಲಿ ನೀವು ಗೋಡೆಯ ಹೊಟ್ಟೆಯೊಳಗೆ ನಡೆಯುತ್ತೀರಿ. ಒಳ್ಳೆಯ ನೋಟ, ನೆಮ್ಮದಿಯ ಹತ್ತಾಟ, ಮನೆಯವರ ಜೊತೆ ನಾಲ್ಕು ಫೋಟೋ ಸಾಕಾ? ಹಾಗಾದರೆ ಗೋಪುರ. ನನಗೆ ಹೆಚ್ಚು ಇಷ್ಟವಾಗಿದ್ದು ಗುಮ್ಮಟ. ಆದರೆ ಕೇಳಿದ ಹತ್ತು ಜನರಲ್ಲಿ ಏಳು ಜನಕ್ಕೆ ಗೋಪುರ ಅಂತಲೇ ಹೇಳುತ್ತೇನೆ.

ಎರಡರಲ್ಲಿ ಎತ್ತರ ಯಾವುದು? ಎತ್ತರದ್ದೇ ಒಳ್ಳೇದಲ್ವಾ?

ಗೋಪುರದ ಎತ್ತರ ಸುಮಾರು 85 ಮೀಟರ್, 414 ಮೆಟ್ಟಿಲು. ಗುಮ್ಮಟದ ಶಿಖರ ಸುಮಾರು 115 ಮೀಟರ್ ಇದ್ದರೂ ನಮ್ಮನ್ನು ಬಿಡುವುದು ಅದರ ನೆತ್ತಿಯ ಮೇಲಿನ ಕಲ್ಲಿನ ಮಂಟಪದ ಬುಡದವರೆಗೆ ಮಾತ್ರ. ಅಲ್ಲಿಗೆ 463 ಮೆಟ್ಟಿಲು. ಅಂದರೆ 49 ಮೆಟ್ಟಿಲಿನ ವ್ಯತ್ಯಾಸ. ಮೇಲೆ ನಿಂತಾಗ ಅದು ಗೊತ್ತೇ ಆಗುವುದಿಲ್ಲ. ಎತ್ತರ ನೋಡಿ ಆರಿಸಬೇಡಿ.

ಹತ್ತದೆ ಚರ್ಚು ಮಾತ್ರ ನೋಡಿಕೊಂಡು ಬಂದ್ರೆ ಸಾಲದಾ?

ಸಾಲುತ್ತದೆ, ಆದರೆ ಸ್ವಲ್ಪ ನಿರಾಸೆಯಾಗಬಹುದು. ಚರ್ಚಿನೊಳಗೆ ಹೋಗುವುದಕ್ಕೆ ಟಿಕೆಟ್ ಇಲ್ಲ. ಅದಕ್ಕೇ ಕ್ಯೂ ಉದ್ದ. ಹೊರಗೆ ಬಿಳಿ, ಹಸಿರು, ಗುಲಾಬಿ ಕಲ್ಲಿನ ಅಷ್ಟು ಅಲಂಕಾರ ನೋಡಿ ಒಳಗೆ ಕಾಲಿಟ್ಟರೆ ಬೋಳು ಬೋಳು. ಅಂದ ಹಾಗೆ, ಆ ಅಲಂಕಾರದ ಮುಂಭಾಗ ಹಳೆಯದಲ್ಲ. ಚರ್ಚಿನ ಕೆಲಸ 1296ರಲ್ಲಿ ಶುರುವಾಯಿತು, ಈಗ ಕಾಣುವ ಮುಂಭಾಗ ಮುಗಿದದ್ದು 1887ರಲ್ಲಿ.

ಒಳಗೆ ಹೋದರೆ ಬಾಗಿಲಿನ ಒಳಮಗ್ಗುಲಲ್ಲಿ, ಮೇಲಿರುವ ಗಡಿಯಾರ ನೋಡಿ. ಪಾವೊಲೊ ಉಚ್ಚೆಲ್ಲೊ ಅನ್ನುವ ಚಿತ್ರಕಾರ 1443ರಲ್ಲಿ ಬಣ್ಣ ಬಳಿದದ್ದು. 24 ಗಂಟೆಯ ಗಡಿಯಾರ, ಮುಳ್ಳು ತಿರುಗುವುದು ಉಲ್ಟಾ. ಅದರ ದಿನ ಮುಗಿಯುವುದು ಸೂರ್ಯ ಮುಳುಗಿದಾಗ. ಹೊರಗೆ ಹೋಗುವ ಅವಸರದಲ್ಲಿ ಯಾರೂ ತಲೆ ಎತ್ತುವುದಿಲ್ಲ.

## ಟಿಕೆಟ್ಟು, ಸಮಯ

ಮೂರು ತರಹದ ಪಾಸ್ ಇದೆಯಂತೆ. ಯಾವುದು ತಗೋಬೇಕು?

ಬ್ರುನೆಲ್ಲೆಸ್ಕಿ ಪಾಸ್‌ನಲ್ಲಿ ಗುಮ್ಮಟ, ಗೋಪುರ, ಬ್ಯಾಪ್ಟಿಸ್ಟರಿ, ಮ್ಯೂಸಿಯಂ, ಚರ್ಚಿನ ನೆಲದಡಿಯ ಹಳೆಯ ಸಾಂತಾ ರೆಪರಾತಾ ಚರ್ಚು ಎಲ್ಲವೂ ಸೇರಿವೆ. ಜೊತ್ತೊ ಪಾಸ್‌ನಲ್ಲಿ ಗುಮ್ಮಟ ಇಲ್ಲ, ಉಳಿದದ್ದೆಲ್ಲ ಇದೆ. ಗಿಬೆರ್ತಿ ಪಾಸ್‌ನಲ್ಲಿ ಗುಮ್ಮಟವೂ ಇಲ್ಲ, ಗೋಪುರವೂ ಇಲ್ಲ. ಈಚಿನ ವರ್ಷಗಳಲ್ಲಿ ಬೆಲೆ ಕ್ರಮವಾಗಿ 30, 20, 15 ಯೂರೋ ಆಸುಪಾಸು. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಪಾಸ್ ಮೂರು ದಿನ ನಡೆಯುತ್ತದೆ. ಎರಡು ರಾತ್ರಿ ಉಳಿಯುವವರು ಬ್ರುನೆಲ್ಲೆಸ್ಕಿ ಪಾಸ್ ತೆಗೆದುಕೊಂಡರೆ ಈ ಪ್ರಶ್ನೋತ್ತರವನ್ನೇ ಓದಬೇಕಿಲ್ಲ. ಒಂದು ದಿನ ಗುಮ್ಮಟ, ಇನ್ನೊಂದು ದಿನ ಗೋಪುರ, ಮುಗಿಯಿತು. ನಾಲ್ಕು ಜನರ ಸಂಸಾರಕ್ಕೆ ತಲೆಗೆ 10 ಯೂರೋ ಜಾಸ್ತಿ ಅಂದರೆ ಕಡಿಮೆ ದುಡ್ಡಲ್ಲ, ಅದೂ ನಿಜ.

ಅಲ್ಲೇ ಹೋಗಿ ಟಿಕೆಟ್ ತಗೊಂಡ್ರೆ ಆಗಲ್ವಾ?

ಗುಮ್ಮಟಕ್ಕೆ ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ದಿನ ಮತ್ತು ಹೊತ್ತು ಮೊದಲೇ ಆರಿಸಿ ಬುಕ್ ಮಾಡಬೇಕು. ಬೇಸಿಗೆಯಲ್ಲಿ ಬೇಗ ಖಾಲಿಯಾಗುತ್ತದೆ. ಹೇಳಿದ ಹೊತ್ತಿಗೆ ಬಾಗಿಲಲ್ಲಿ ಇರದಿದ್ದರೆ ಟಿಕೆಟ್ ಹೋಯಿತು ಅಂತಲೇ ಲೆಕ್ಕ. ಗೋಪುರಕ್ಕೂ ಸಮಯ ಆರಿಸಬೇಕಾಗುತ್ತದೆ, ಆದರೆ ಜಾಗ ಸಿಗುವುದು ಸುಲಭ.

ಮೊದಲ ಸಲ ನಾನು ಗೋಪುರ ಹತ್ತಿದ್ದು ನೋಟದ ಆಸೆಗಲ್ಲ. ಗುಮ್ಮಟದ ಟಿಕೆಟ್ ಖಾಲಿಯಾಗಿತ್ತು ಅಷ್ಟೇ. ಎರಡನೇ ಸಲ ಗಾಬರಿಯಲ್ಲಿ ಯಾವುದೋ ಮಧ್ಯವರ್ತಿಯ ಸೈಟಿನಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು ಕೊಟ್ಟು ಕೊಂಡೆ. ‘ಗೈಡ್ ಸಮೇತ’ ಅಂದಿದ್ದರು. ಗೈಡ್ ಬಾಗಿಲವರೆಗೆ ಬಂದು ಟಾಟಾ ಮಾಡಿ ಹೋದ. ನೀವು ಡುವೋಮೊದವರ ಸ್ವಂತ ಸೈಟಿನಲ್ಲೇ ಕೊಳ್ಳಿ.

ರೋಮ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರ್ತೀವಿ. ಆಗುತ್ತಾ?

ಆಗುತ್ತದೆ. ವೇಗದ ರೈಲು ಒಂದೂವರೆ ಗಂಟೆಯಲ್ಲಿ ತಲುಪಿಸುತ್ತದೆ. ರೈಲಿನ ಬೋರ್ಡಿನಲ್ಲಿ ಫ್ಲಾರೆನ್ಸ್ ಅಂತ ಹುಡುಕಬೇಡಿ, ಫಿರೆಂಜೆ ಎಸ್. ಎಂ. ಎನ್. ಅಂತ ಇರುತ್ತದೆ. ಅದು ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್. ಅಲ್ಲಿಂದ ಚೌಕಕ್ಕೆ ಕಾಲು ಗಂಟೆಯೊಳಗಿನ ನಡಿಗೆ.

ಇಂಥ ಒಂದು ದಿನದ ಪ್ರವಾಸಕ್ಕೆ ಗೋಪುರವೇ ಸರಿ. ರೈಲು ತಡವಾಗಿ ಗುಮ್ಮಟದ ಸಮಯ ತಪ್ಪಿದರೆ ದಿನವೆಲ್ಲ ಅದೇ ಬೇಜಾರು. ಗುಮ್ಮಟವೇ ಬೇಕು ಅಂದರೆ ರೈಲು ಮುಟ್ಟುವ ಹೊತ್ತಿಗೂ ಟಿಕೆಟ್ಟಿನ ಹೊತ್ತಿಗೂ ನಡುವೆ ಎರಡು ಗಂಟೆ ಬಿಡಿ. ಭಾನುವಾರ ಬೇಡ. ಬೆಳಿಗ್ಗೆ ಚರ್ಚಿನಲ್ಲಿ ಪ್ರಾರ್ಥನೆ ಇರುತ್ತದೆ, ಒಳಗೆ ಬಿಡುವ ಹೊತ್ತು ಕಡಿಮೆ.

## ಹತ್ತುವಾಗ

463 ಮೆಟ್ಟಿಲು ಅಂದ್ರೆ ಎಷ್ಟು ಕಷ್ಟ? ಲಿಫ್ಟ್ ಇಲ್ವಾ?

ಎರಡರಲ್ಲೂ ಲಿಫ್ಟ್ ಇಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಇದು ಅರ್ಧಕ್ಕಿಂತ ಕಡಿಮೆ. ಆದರೆ ಅಲ್ಲಿ ಗಾಳಿ ಇದೆ, ಬೇಕಾದಲ್ಲಿ ಕೂರಬಹುದು, ನಿಂಬೆ ಪಾನಕ ಕುಡಿಯಬಹುದು. ಇಲ್ಲಿ ಕಷ್ಟವಾಗುವುದು ಮೆಟ್ಟಿಲಿನಿಂದಲ್ಲ, ಇಕ್ಕಟ್ಟಿನಿಂದ. ಗುಮ್ಮಟದ ದಾರಿ ಎಷ್ಟೋ ಕಡೆ ಒಬ್ಬರು ಹೋಗುವಷ್ಟೇ ಅಗಲ. ಹಿಂದಿನವರು ಬರುತ್ತಲೇ ಇರುತ್ತಾರೆ, ಮಧ್ಯೆ ನಿಲ್ಲುವುದಕ್ಕೆ ಸಂಕೋಚ. ಕೊನೆಯ ಭಾಗದಲ್ಲಿ ಗುಮ್ಮಟದ ಬೆನ್ನಿನ ಮೇಲೇ ಹತ್ತಿದ ಹಾಗೆ ಮೆಟ್ಟಿಲು ಕಡಿದಾಗುತ್ತದೆ. ಎತ್ತರದ ಆಳುಗಳಾದರೆ ತಲೆ ಜೋಪಾನ.

ಗೋಪುರದ ಮೆಟ್ಟಿಲೂ ಕಿರಿದೇ. ಆದರೆ ನಡುನಡುವೆ ಮಹಡಿಗಳಿವೆ. ಅಲ್ಲಿ ದೊಡ್ಡ ಕಿಟಕಿ, ಗಾಳಿ, ಉಸಿರು ತೆಗೆದುಕೊಳ್ಳುವುದಕ್ಕೆ ಜಾಗ. ಸಾಕಾಯಿತು ಅಂದರೆ ಅಲ್ಲೇ ನಿಂತು ನೋಡಿ ಇಳಿದುಬರಬಹುದು. ಯಾರೂ ಕೇಳುವುದಿಲ್ಲ.

ನೀರು ಕುಡಿದು, ಟಾಯ್ಲೆಟ್‌ಗೆ ಹೋಗಿಯೇ ಹೊರಡಿ. ದಾರಿಯಲ್ಲಿ ಎಲ್ಲೂ ಇಲ್ಲ.

ನಂಗೆ ಎತ್ತರ ಅಂದ್ರೆ ತಲೆ ಸುತ್ತುತ್ತೆ. ನನ್ನ ಗಂಡನಿಗೆ ಇಕ್ಕಟ್ಟು ಅಂದ್ರೆ ಭಯ. ಏನು ಮಾಡೋದು?

ನೀವು ಗೋಪುರ ಪ್ರಯತ್ನಿಸಿ. ಮೇಲ್ಗಡೆ ಸುತ್ತಲೂ ತಂತಿ ಬಲೆ ಇದೆ, ಧೈರ್ಯ ಬರುತ್ತದೆ. ಗುಮ್ಮಟ ಹತ್ತುವಾಗ ಅದರ ಒಳಮೈಯಲ್ಲಿ ಬರೆದ ಚಿತ್ರಗಳ ಬುಡದಲ್ಲಿ ಒಂದು ಒಳಗಟ್ಟೆಯ ಮೇಲೆ ಸಾಗಬೇಕು. ಪಕ್ಕದಲ್ಲಿ ತಡೆ ಇದ್ದರೂ ಕೆಳಗೆ ಚರ್ಚಿನ ನೆಲ ಪಾತಾಳದ ಹಾಗೆ ಕಾಣುತ್ತದೆ. ನನಗೇ ಅಲ್ಲಿ ಕೈ ಬೆವರಿತ್ತು.

ನಿಮ್ಮ ಯಜಮಾನರಿಗೆ ಗುಮ್ಮಟ ಬೇಡವೇ ಬೇಡ. ಹೃದಯದ ತೊಂದರೆ ಇದ್ದವರಿಗೆ, ಬಸುರಿಯರಿಗೆ ಎರಡೂ ಬೇಡ.

ಅಪ್ಪ ಅಮ್ಮ ಅರವತ್ತೈದು ದಾಟಿದ್ದಾರೆ, ಮಂಡಿ ನೋವು. ಅವರನ್ನ ಕೆಳಗೆ ಕೂರಿಸಿ ನಾವು ಹೋಗೋದಾ?

ಕೂರಿಸಬೇಡಿ. ಚೌಕದಲ್ಲಿ ಬಿಸಿಲು, ಕೂರಲು ಜಾಗ ಕಡಿಮೆ. ಗುಮ್ಮಟದ ಹಿಂಬದಿಯಲ್ಲಿ ಡುವೋಮೊ ಮ್ಯೂಸಿಯಂ ಇದೆ. ಅಲ್ಲಿಗೆ ಕಳಿಸಿ. ಲಿಫ್ಟ್ ಇದೆ, ತಂಪಿದೆ, ಜನ ಕಡಿಮೆ. ಗೋಪುರದ ಮೇಲಿದ್ದ ಮೂಲ ಶಿಲ್ಪಗಳು, ಶಿಲ್ಪಿ ಗಿಬೆರ್ತಿ ಬ್ಯಾಪ್ಟಿಸ್ಟರಿಗೆ ಮಾಡಿದ ಚಿನ್ನದ ಲೇಪದ ಬಾಗಿಲು, ಮೈಕೆಲೆಂಜೆಲೊ ಮುದಿವಯಸ್ಸಿನಲ್ಲಿ ಕೆತ್ತಿ, ಬೇಜಾರಾಗಿ ಒಡೆಯಲು ಹೋದ ಅಂತ ಹೇಳುವ ಪಿಯೆತಾ (ಸತ್ತ ಯೇಸುವನ್ನು ಹಿಡಿದಿರುವವರ ಶಿಲ್ಪ), ಎಲ್ಲ ಅಲ್ಲೇ ಇವೆ. ಮೇಲೊಂದು ತಾರಸಿ ಇದೆ. ಅಲ್ಲಿಂದ ಗುಮ್ಮಟ ಹತ್ತಿರದಲ್ಲೇ ಕಾಣುತ್ತದೆ. ಒಂದೂ ಮೆಟ್ಟಿಲು ಹತ್ತದ ಅವರ ಫೋಟೋ ನಿಮ್ಮದಕ್ಕಿಂತ ಚೆನ್ನಾಗಿ ಬಂದರೆ ಆಶ್ಚರ್ಯವಿಲ್ಲ.

ಚಡ್ಡಿ ಹಾಕ್ಕೊಂಡು ಹೋಗಬಹುದಾ? ಬ್ಯಾಗು?

ಗುಮ್ಮಟದ ದಾರಿ ಚರ್ಚಿನ ಒಳಗಿನಿಂದಲೇ. ಉತ್ತರ ಬದಿಯ ಬಾಗಿಲಲ್ಲಿ ಬಿಡುತ್ತಾರೆ. ಭುಜ, ಮಂಡಿ ಮುಚ್ಚಿರಬೇಕು. ಬ್ಯಾಗಿನಲ್ಲಿ ಒಂದು ದುಪಟ್ಟಾ ಇಟ್ಟುಕೊಂಡರೆ ಸಾಕು. ದೊಡ್ಡ ಬ್ಯಾಗು, ಸೂಟ್‌ಕೇಸು ಎರಡಕ್ಕೂ ಬಿಡುವುದಿಲ್ಲ. ರೈಲಿಳಿದು ನೇರವಾಗಿ ಬರುವವರು ಲಗೇಜ್ ಎಲ್ಲಿಡುವುದು ಅಂತ ಮೊದಲೇ ಯೋಚಿಸಿ.

ಫೋಟೋಗೆ ಯಾವುದು? ಯಾವ ಹೊತ್ತಿಗೆ ಹೋಗಲಿ?

ಗೋಪುರ ಪಶ್ಚಿಮಕ್ಕಿದೆ, ಗುಮ್ಮಟ ಪೂರ್ವಕ್ಕಿದೆ. ಇಷ್ಟು ನೆನಪಿದ್ದರೆ ಸಾಕು. ಮಧ್ಯಾಹ್ನ ಇಳಿದ ಮೇಲೆ ಗೋಪುರ ಹತ್ತಿದರೆ ಬಿಸಿಲು ನಿಮ್ಮ ಬೆನ್ನಿಗೆ, ಕೆಂಪು ಹೆಂಚಿನ ಗುಮ್ಮಟ ಪೂರ್ತಿ ಬೆಳಗುತ್ತಿರುತ್ತದೆ. ಗುಮ್ಮಟದ ಮೇಲಿಂದ ಗೋಪುರದ ಫೋಟೋ ಬೇಕಿದ್ದರೆ ಬೆಳಿಗ್ಗೆಯೇ ಹತ್ತಿ. ಗೋಪುರದ ತಂತಿ ಬಲೆ ಕ್ಯಾಮೆರಾಗೆ ತೊಡಕು. ಫೋನಿನ ಲೆನ್ಸು ಬಲೆಯ ಕಂಡಿಗೆ ಸರಿಯಾಗಿ ಒತ್ತಿದರೆ ಆಗುತ್ತದೆ.

ದುಡ್ಡು ಕೊಡದೆ ಗುಮ್ಮಟ, ಗೋಪುರ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಬೇಕಾ? ಆರ್ನೊ ನದಿ ದಾಟಿ, ಗುಡ್ಡದ ಮೇಲಿರುವ ಪಿಯತ್ಸಾಲೆ ಮೈಕೆಲೆಂಜೆಲೊ ಅನ್ನುವ ಚೌಕಕ್ಕೆ ಹೋಗಿ.

## ಸ್ವಲ್ಪ ಆಳಕ್ಕೆ

ಜೊತ್ತೊ ಚಿತ್ರಕಾರ ಅಲ್ವಾ? ಅವನ ಹೆಸರು ಗೋಪುರಕ್ಕೆ ಹೇಗೆ ಬಂತು?

ಹೌದು, ಚಿತ್ರಕಾರನೇ. 1334ರಲ್ಲಿ, ಹೆಸರು ಮಾಡಿದ ಮೇಲೆ, ಊರಿನವರು ಅವನನ್ನು ಚರ್ಚಿನ ಕೆಲಸಕ್ಕೆ ಮುಖ್ಯಸ್ಥನನ್ನಾಗಿ ಮಾಡಿದರು. ಗೋಪುರ ಶುರುಮಾಡಿದ. ಮೂರೇ ವರ್ಷಕ್ಕೆ, 1337ರಲ್ಲಿ ತೀರಿಕೊಂಡ. ಆಮೇಲೆ ಆಂದ್ರೆಯಾ ಪಿಸಾನೊ, ಅವನ ನಂತರ ಫ್ರಾಂಚೆಸ್ಕೊ ತಾಲೆಂತಿ ಮುಂದುವರಿಸಿ 1359ರಲ್ಲಿ ಮುಗಿಸಿದರು. ಜೊತ್ತೊನ ಕಾಲದಲ್ಲಿ ಎದ್ದದ್ದು ಕೆಳಗಿನ ಭಾಗ ಅಷ್ಟೇ, ಹೆಸರು ಮಾತ್ರ ಪೂರ್ತಿ ಅವನದೇ.

ಹತ್ತುವ ಮುಂಚೆ ಗೋಪುರದ ಬುಡವನ್ನು ಒಂದು ಸುತ್ತು ಹಾಕಿ. ಆರು ಮೂಲೆಯ ಚಿಕ್ಕ ಚಿಕ್ಕ ಕೆತ್ತನೆಗಳಿವೆ. ದೇವರು, ಸಂತರು ಮಾತ್ರ ಇದ್ದಾರೆ ಅಂದುಕೊಳ್ಳಬೇಡಿ. ಜೋಡೆತ್ತು ಕಟ್ಟಿ ಉಳುವವನು, ನೇಯುವ ಹೆಂಗಸು, ಮನೆ ಕಟ್ಟುವವರು, ಸೀಸೆಯಲ್ಲಿ ಮೂತ್ರ ಎತ್ತಿ ಹಿಡಿದು ನೋಡುವ ವೈದ್ಯ, ಎಲ್ಲ ಇದ್ದಾರೆ. ಊರು ನಡೆಯುವುದು ಯಾರ ಕೆಲಸದಿಂದ ಅಂತ ಸುಮಾರು 700 ವರ್ಷದ ಹಿಂದೆ ಕಣ್ಣಿಗೆ ಬೀಳುವ ಹಾಗೆ ಬುಡದಲ್ಲೇ ಕೆತ್ತಿಟ್ಟಿದ್ದಾರೆ. ಹೊರಗಿರುವುದು ಪ್ರತಿಗಳು, ಮೂಲ ಮ್ಯೂಸಿಯಂನಲ್ಲಿವೆ. ಕ್ಯೂನಲ್ಲಿ ನಿಂತವರು ಇದಕ್ಕೆ ಬೆನ್ನು ಮಾಡಿ ಮೊಬೈಲ್ ನೋಡುತ್ತಿರುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ.

ಆ ಗುಮ್ಮಟದಲ್ಲಿ ಅಂಥದ್ದೇನಿದೆ? ಎಲ್ಲರೂ ಅಷ್ಟು ಹೊಗಳ್ತಾರಲ್ಲ!

ಮೊದಲು ಆ ಊರಿನವರ ಪೇಚು ಕೇಳಿ. ಚರ್ಚು ಕಟ್ಟಿದರು, ಗುಮ್ಮಟಕ್ಕೆ ಅಂತ ಎಂಟು ಮೂಲೆಯ ಜಾಗ ಬಿಟ್ಟರು. ಅಗಲ ಸುಮಾರು 45 ಮೀಟರ್. ಮುಚ್ಚುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕಮಾನು ಕಟ್ಟಬೇಕಾದರೆ ಕೆಳಗೆ ಮರದ ಅಚ್ಚು ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜೋಡಿಸಿ, ಗಾರೆ ಗಟ್ಟಿಯಾದ ಮೇಲೆ ಅಚ್ಚು ತೆಗೆಯುವುದು ಪದ್ಧತಿ. ಅಷ್ಟು ದೊಡ್ಡ ಅಚ್ಚಿಗೆ ಮರ ತರುವುದು ಎಲ್ಲಿಂದ? 1418ರಲ್ಲಿ ಸ್ಪರ್ಧೆ ಕರೆದರು. ಅಚ್ಚೇ ಬೇಡ ಅಂದವನು ಬ್ರುನೆಲ್ಲೆಸ್ಕಿ. ಕಸುಬಿನಲ್ಲಿ ಅಕ್ಕಸಾಲಿಗ.

1420ರಲ್ಲಿ ಕೆಲಸ ಶುರು, 1436ರಲ್ಲಿ ಗುಮ್ಮಟ ಮುಚ್ಚಿತು. 40 ಲಕ್ಷಕ್ಕೂ ಜಾಸ್ತಿ ಇಟ್ಟಿಗೆ. ಗುಟ್ಟುಗಳು ಮುಖ್ಯವಾಗಿ ಮೂರು. ಒಂದು, ಇದು ಒಂದರೊಳಗೊಂದು ಇರುವ ಎರಡು ಗುಮ್ಮಟ. ಒಳಗಿನದು ದಪ್ಪ, ಹೊರಗಿನದು ತೆಳು, ನಡುವೆ ಖಾಲಿ. ನೀವು ಹತ್ತುವುದು ಆ ಸಂದಿಯಲ್ಲಿ. ಎರಡು, ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿಯುವ ಹಾಗೆ ಕಲ್ಲಿನ, ಮರದ ಸರಪಳಿಗಳನ್ನು ಸುತ್ತಲೂ ಹುದುಗಿಸಿ, ಗುಮ್ಮಟ ಹೊರಕ್ಕೆ ಸಿಡಿಯದಂತೆ ಮಾಡಿದ. ಮೂರನೆಯದು ನಿಮ್ಮ ಕಣ್ಣಿಗೇ ಬೀಳುತ್ತದೆ. ಹತ್ತುವಾಗ ಗೋಡೆ ನೋಡಿ. ಮಲಗಿಸಿದ ಇಟ್ಟಿಗೆಗಳ ಸಾಲಿನ ನಡುವೆ ಅಲ್ಲಲ್ಲಿ ನಿಲ್ಲಿಸಿದ ಇಟ್ಟಿಗೆ ಓರೆಯಾಗಿ ಮೇಲಕ್ಕೆ ಸಾಗುತ್ತದೆ. ಅದನ್ನು ಮೀನಿನ ಮುಳ್ಳು ಅನ್ನುತ್ತಾರೆ. ನಿಂತ ಇಟ್ಟಿಗೆ ಮಲಗಿದವನ್ನು ಹಿಡಿದುಕೊಳ್ಳುತ್ತದೆ, ಗಾರೆ ಒಣಗುವವರೆಗೆ ಜಾರಲು ಬಿಡುವುದಿಲ್ಲ. ಹೀಗೆ ಒಂದೊಂದು ಸುತ್ತೂ ತನ್ನನ್ನು ತಾನೇ ಹೊತ್ತುಕೊಂಡು ಮೇಲೇರಿತು.

ಸಾಮಾನು ಮೇಲೆತ್ತಲು ಅವನೇ ಒಂದು ಯಂತ್ರ ಮಾಡಿದ. ಎಳೆಯುತ್ತಿದ್ದದ್ದು ಎತ್ತುಗಳು. ಭಾರ ಮೇಲೆ ಹೋಗಿ, ಹಗ್ಗ ಕೆಳಗಿಳಿಯಬೇಕಾದಾಗ ಎತ್ತುಗಳನ್ನು ಬಿಚ್ಚಿ ತಿರುಗಿಸಿ ಕಟ್ಟುವ ಗೋಜಿಲ್ಲ. ಒಂದು ಹಲ್ಲಿನ ಚಕ್ರ ಬದಲಿಸಿದರೆ ಅದೇ ದಿಕ್ಕಿನಲ್ಲಿ ನಡೆಯುತ್ತಲೇ ಕೆಳಗಿಳಿಸುತ್ತಿದ್ದವು. ಏತ, ಕಪಿಲೆ ನೋಡಿದ ನಮ್ಮ ಅಜ್ಜಂದಿರಿಗೆ ಇದರ ಬೆಲೆ ತಕ್ಷಣ ಅರ್ಥವಾಗುತ್ತಿತ್ತು.

ಇದನ್ನೆಲ್ಲ ಓದಿ ‘ಹೌದಾ!’ ಅನ್ನಿಸಿದರೆ ನೀವು ಗುಮ್ಮಟ ಹತ್ತುವವರು. ‘ಸರಿ ಬಿಡಿ’ ಅನ್ನಿಸಿದರೆ ಗೋಪುರದವರು.

ನಮ್ಮ ಗೋಳಗುಮ್ಮಟಕ್ಕಿಂತ ದೊಡ್ಡದಾ?

ಒಳ ಅಗಲದಲ್ಲಿ ದೊಡ್ಡದು. ವಿಜಯಪುರದ್ದು ಸುಮಾರು 38 ಮೀಟರ್. ಆದರೆ ಎರಡೂ ಬೇರೆ ಬೇರೆ ಜಾಣತನ. ಗೋಳಗುಮ್ಮಟ ದುಂಡಗಿದೆ, ಒಂದೇ ಪದರ. ಚೌಕದ ಕೋಣೆಯ ಮೇಲೆ ಒಂದನ್ನೊಂದು ಹಾಯುವ ಕಮಾನುಗಳು ಅದನ್ನು ಹೊತ್ತಿವೆ. ಇದು ಎಂಟು ಮೂಲೆಯದು, ಎರಡು ಪದರ, ಎರಡು ಶತಮಾನ ಹಿಂದಿನದು. ಪಿಸುಮಾತಿನ ಮಜಾ ನಿರೀಕ್ಷಿಸಬೇಡಿ. ಇಲ್ಲಿ ಕೂಗಿದರೆ ಕಾವಲಿನವರು ಗದರುತ್ತಾರೆ.

ಗುಮ್ಮಟದ ಒಳಗಿನ ಚಿತ್ರ ಕೆಳಗಿಂದಲೇ ಕಾಣುತ್ತಲ್ಲ, ಅದಕ್ಕೆ ಹತ್ತಬೇಕಾ?

ಕೆಳಗಿಂದ ಕಾಣುವುದು ಬಣ್ಣದ ಮೋಡ. ಜಾರ್ಜೊ ವಸಾರಿ 1572ರಲ್ಲಿ ಶುರುಮಾಡಿ ಎರಡೇ ವರ್ಷಕ್ಕೆ ತೀರಿಕೊಂಡ. ಫೆದೆರಿಕೊ ತ್ಸುಕ್ಕಾರಿ 1579ರಲ್ಲಿ ಮುಗಿಸಿದ. ವಿಷಯ ಕೊನೆಯ ತೀರ್ಪು, ಅಂದರೆ ಲೋಕ ಮುಗಿಯುವಾಗ ದೇವರು ಎಲ್ಲರ ಪಾಪಪುಣ್ಯ ತೂಗುವುದು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ನರಕ. ಹತ್ತುವ ದಾರಿಯ ಒಳಗಟ್ಟೆ ಸರಿಯಾಗಿ ಅದರ ಬುಡದಲ್ಲೇ ಸಾಗುತ್ತದೆ. ಹಾಗಾಗಿ ನಿಮ್ಮ ಮುಖದ ಹತ್ತಿರವೇ ದೆವ್ವಗಳು ಪಾಪಿಗಳನ್ನು ತಿವಿಯುತ್ತಿರುತ್ತವೆ. ಚಿತ್ರವಾಗಿ ಇದು ಅಷ್ಟೇನೂ ದೊಡ್ಡದಲ್ಲ ಅಂತ ನನ್ನ ಅನಿಸಿಕೆ. ಆದರೆ ಬಯಲಾಟದ ರಕ್ಕಸರ ಹಾಗೆ ಮಜವಾಗಿದೆ. ಮಕ್ಕಳು ಕದಲುವುದೇ ಇಲ್ಲ.

ಗುಮ್ಮಟದ ಬುಡದಲ್ಲಿ ಒಂದು ಬದಿಗೆ ಮಾತ್ರ ಬಿಳಿ ಕಲ್ಲಿನ ಕೆಲಸ ಇದೆ. ಉಳಿದದ್ದು ಯಾಕೆ ಹಾಗೇ ಬಿಟ್ಟರು?

ಒಳ್ಳೆ ಕಣ್ಣು ನಿಮ್ಮದು! ಬ್ರುನೆಲ್ಲೆಸ್ಕಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಬಾಚ್ಚೊ ದಾಞೊಲೊ ಅನ್ನುವವನು ಆ ಪಡಸಾಲೆ ಕಟ್ಟತೊಡಗಿದ. ಒಂದು ಬದಿ ಮುಗಿದಾಗ ಮೈಕೆಲೆಂಜೆಲೊ ನೋಡಿ ‘ಇದೇನು, ಜೀರುಂಡೆ ಸಾಕುವ ಗೂಡಾ?’ ಅಂದನಂತೆ. ಕೆಲಸ ಅಲ್ಲಿಗೇ ನಿಂತಿತು. ಉಳಿದ ಬದಿಗಳಲ್ಲಿ ಇವತ್ತಿಗೂ ಒರಟು ಗೋಡೆ. ವಿಯಾ ದೆಲ್ ಪ್ರೊಕೊನ್ಸೊಲೊ ಬೀದಿಯ ಕಡೆಯಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ.

ತುದಿಯಲ್ಲಿರೋ ಚಿನ್ನದ ಗುಂಡು ಕೆಳಗೆ ಬಿದ್ದಿತ್ತಂತೆ, ನಿಜಾನಾ?

ನಿಜ. 1471ರಲ್ಲಿ ಶಿಲ್ಪಿ ವೆರೊಕ್ಕಿಯೊ ತಾಮ್ರದಲ್ಲಿ ಮಾಡಿ ಚಿನ್ನದ ನೀರು ಕೊಟ್ಟು ಮೇಲಿಟ್ಟಿದ್ದ. ಆಗ ಅವನ ಕೈಕೆಳಗೆ ಕಲಿಯುತ್ತಿದ್ದ ಲಿಯೊನಾರ್ಡೊ ದ ವಿಂಚಿ, ಆ ಗುಂಡಿಗೆ ಬೆಸುಗೆ ಹಾಕಿದ ಬಗೆ ನೆನಪಿಟ್ಟುಕೊ ಅಂತ ಎಷ್ಟೋ ವರ್ಷದ ಮೇಲೆ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾನೆ. 1600ರ ಆಸುಪಾಸಿನಲ್ಲಿ ಸಿಡಿಲು ಹೊಡೆದು ಗುಂಡು ಉರುಳಿ ಬಿತ್ತು. 1602ರಲ್ಲಿ ಇನ್ನೂ ದೊಡ್ಡದು ಕೂರಿಸಿದರು. ಬಿದ್ದ ಜಾಗದಲ್ಲಿ, ಚರ್ಚಿನ ಹಿಂದಿನ ನೆಲಗಲ್ಲುಗಳ ನಡುವೆ, ಒಂದು ದುಂಡನೆಯ ಬಿಳಿ ಕಲ್ಲಿದೆ. ಅದರ ಮೇಲೆ ಏನೂ ಬರೆದಿಲ್ಲ. ಜನ ತುಳಿದುಕೊಂಡೇ ಹೋಗುತ್ತಾರೆ.

ಎರಡೂ ಹತ್ತೋದು ಅಂತ ತೀರ್ಮಾನ ಮಾಡಿದ್ದೀವಿ. ಯಾವುದು ಮೊದಲು?

ಗೋಪುರ ಮೊದಲು, ಸಂಜೆ. ಮಾರನೆಯ ದಿನ ಬೆಳಿಗ್ಗೆ ಮೊದಲ ಹೊತ್ತಿಗೇ ಗುಮ್ಮಟ. ಹಿಂದಿನ ಸಂಜೆ ಗೋಪುರದಿಂದ ನೋಡಿದಾಗ ಗುಮ್ಮಟದ ನೆತ್ತಿಯಲ್ಲಿ ಇರುವೆ ಸಾಲಿನ ಹಾಗೆ ಜನ ಕಂಡಿರುತ್ತಾರೆ. ಬೆಳಿಗ್ಗೆ ನೀವು ಅಲ್ಲಿ ನಿಂತಾಗ ಎದುರಿನ ಗೋಪುರದ ತಂತಿ ಬಲೆಯ ಹಿಂದೆ ಯಾರೋ ಫೋನ್ ಎತ್ತಿ ಹಿಡಿದಿರುತ್ತಾರೆ. ಕೈ ಬೀಸಿ. ಅವರ ಫೋಟೋದಲ್ಲಿ ನೀವೂ ಬರುತ್ತೀರಿ.